ಅತ್ತೆ-ಸೊಸೆಯ ಟ್ಯಾಗ್ ಟೀಮ್

ಕೋವಿಡ್‌ನ ಎರಡನೆಯ ಅಲೆ ಇಳಿದ ಮರುವರ್ಷ. ಆಗ ನಾನು ಸಿಂಧನೂರಿನಲ್ಲಿ ಸ್ವಂತ ಫಿಜಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದೆ. ವಾರಕ್ಕೆರಡು ದಿನ ಲಿಂಗಸುಗೂರಿನ ಒಂದು ಖಾಸಗಿ ಆಸ್ಪತ್ರೆಗೂ ಹೋಗಿ ಬರುತ್ತಿದ್ದೆ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಭತ್ತದ ನಾಟಿ ಮಾಡಿ ಸೊಂಟ ಹಿಡಿದವರು, ಬೈಕಿನಿಂದ ಬಿದ್ದು ಮೂಳೆ ಮುರಿದುಕೊಂಡವರು, ಪಾರ್ಶ್ವವಾಯು ಬಡಿದವರು. ಯಾರಿಗೆ ಏನು ಮಾಡಿಸಬೇಕು, ಎಷ್ಟು ತಿಂಗಳಲ್ಲಿ ಎಲ್ಲಿಗೆ ಮುಟ್ಟುತ್ತಾರೆ ಎಂಬುದು ನೋಡಿದ ಕೂಡಲೇ ಸುಮಾರಾಗಿ ಅಂದಾಜಾಗುವಷ್ಟು ಕಾಲ ಆ ಕೆಲಸದಲ್ಲಿ ಕಳೆದಿದ್ದೆ. ಆ ಅಂದಾಜಿಗೆ ಸಿಗದೆ ಹೋದ ಒಂದು ಪ್ರಕರಣವನ್ನು ಇಲ್ಲಿ ಹೇಳುತ್ತೇನೆ.

ಸವಿತಾ ನನ್ನ ಕ್ಲಿನಿಕ್ಕಿಗೆ ಬಂದದ್ದು ಬೇಸಿಗೆಯಲ್ಲಿ, ಗಾಲಿಕುರ್ಚಿಯ ಮೇಲೆ. ವಯಸ್ಸು ಮೂವತ್ತರ ಆಸುಪಾಸು. ಮಸ್ಕಿಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಗಂಡನ ಮನೆ ತುರ್ವಿಹಾಳ. ಶಾಲೆಯ ಹುಡುಗಿಯರನ್ನು ಕಬಡ್ಡಿಯಲ್ಲಿ ಪಳಗಿಸಿ ಊರೂರಿಗೆ ಕರೆದುಕೊಂಡು ಹೋಗಿ ಆಡಿಸುತ್ತಿದ್ದ ಹೆಣ್ಣುಮಗಳು. ಒಂದು ಜ್ವರ ಬಂದು ಹೋದ ಮೇಲೆ ಪಾದಗಳಲ್ಲಿ ಜುಮುಜುಮು ಶುರುವಾಯಿತಂತೆ. ಕೆಲವೇ ದಿನಗಳಲ್ಲಿ ಕಾಲು ಸೋತವು, ಆಮೇಲೆ ಕೈ ಸೋತವು, ಕೊನೆಗೆ ಉಸಿರಾಟದ ಸ್ನಾಯುಗಳೂ ಸೋತು ದೂರದ ದೊಡ್ಡ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಮೇಲೆ ಇಡಬೇಕಾಯಿತು. ಈ ಕಾಯಿಲೆಯ ಹೆಸರು ಗಿಯಾನ್-ಬಾರೆ ಸಿಂಡ್ರೋಮ್. ರೋಗದ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿಯೇ ದಾರಿ ತಪ್ಪಿ ನಮ್ಮ ನರಗಳ ಮೇಲೆ ಎರಗುತ್ತದೆ. ಕರೆಂಟಿನ ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನರಕ್ಕೂ ಒಂದು ಹೊದಿಕೆ ಇರುತ್ತದೆ. ಅದು ಹಾಳಾದರೆ ಮೆದುಳಿನ ಆಜ್ಞೆ ಕೈಕಾಲಿಗೆ ತಲುಪುವುದಿಲ್ಲ. ಸಮಾಧಾನದ ಸಂಗತಿ ಎಂದರೆ, ಜೀವ ಉಳಿದರೆ ಬಹಳಷ್ಟು ಜನರಲ್ಲಿ ಆ ಹೊದಿಕೆ ಮತ್ತೆ ಬೆಳೆಯುತ್ತದೆ. ಆದರೆ ನಿಧಾನವಾಗಿ, ತನಗೆ ತಿಳಿದ ಗತಿಯಲ್ಲಿ.

ಈ ನಿಧಾನವೇ ಸವಿತಾಗೆ ಒಗ್ಗದ ವಿಷಯವಾಗಿತ್ತು. ಆಟದ ಮೈದಾನದಲ್ಲಿ ಬೆಳೆದವರು, ಮೈ ನೋಯುವವರೆಗೆ ಮಾಡಿದರೇ ವ್ಯಾಯಾಮ ಎಂದು ನಂಬಿದವರು. ಹತ್ತು ಸಲ ಮಾಡಿ ಎಂದರೆ ಮನೆಯಲ್ಲಿ ಐವತ್ತು ಸಲ ಮಾಡುತ್ತಿದ್ದರು. ಸಾಮಾನ್ಯ ರೋಗಿಯಲ್ಲಿ ಇದನ್ನು ಕಂಡರೆ ನಾವು ಖುಷಿಪಡುತ್ತೇವೆ. ಈ ಕಾಯಿಲೆಯಲ್ಲಿ ಹಾಗಲ್ಲ. ಇನ್ನೂ ಹಸಿಯಾಗಿರುವ ನರ ಹಾಗೂ ಸ್ನಾಯುಗಳನ್ನು ದಣಿಸಿದರೆ ಬಂದ ಬಲವೂ ಹಿಂದಕ್ಕೆ ಹೋಗುತ್ತದೆ. ಸೋಮವಾರ ಲೋಟ ಹಿಡಿಯುವ ಕೈ ಬುಧವಾರ ಚಮಚ ಹಿಡಿಯಲಾರದೆ ಬರುತ್ತಿತ್ತು. ನಾನು ಬಿಡಿಸಿ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಮನೆಗೆ ಹೋಗಿ ಮತ್ತೆ ಅದನ್ನೇ ಮಾಡುತ್ತಿದ್ದರು.

ಕಂಡಕ್ಟರನ ನೆರವಿನಿಂದ ಬಸ್ಸಿಗೆ ಎತ್ತಿ ಹತ್ತಿಸಿ ಅವರನ್ನು ಕರೆತರುತ್ತಿದ್ದವರು ಅತ್ತೆ ಗಂಗಮ್ಮ. ಅರವತ್ತು ದಾಟಿದ ಗಟ್ಟಿ ಜೀವ. ಮಗ ರೈಸ್ ಮಿಲ್ಲಿನಲ್ಲಿ ಆಪರೇಟರ್, ಹಗಲು ಬಿಡುವಿಲ್ಲ. ಹೀಗಾಗಿ ಸೊಸೆಗೆ ಉಣಿಸುವುದು, ಜಳಕ ಮಾಡಿಸುವುದು, ಹೆರಳು ಹಾಕುವುದು ಎಲ್ಲವೂ ಗಂಗಮ್ಮನವರದೇ. ಆದರೆ ಇಬ್ಬರ ನಡುವೆ ಮಾತು ತೀರಾ ಕಡಿಮೆ ಎಂಬುದು ಒಂದೆರಡು ಭೇಟಿಯಲ್ಲೇ ತಿಳಿಯಿತು. ಸೊಸೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಹುಡುಗಿಯರ ಜೊತೆ ಮೈದಾನದಲ್ಲಿ ಓಡುವುದನ್ನು ಅತ್ತೆ ಹಿಂದೆ ಊರ ಜನರೆದುರಿಗೆ ಆಡಿಕೊಂಡಿದ್ದರಂತೆ. ಅಂದಿನಿಂದ ಸೊಸೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದರು. ಈಗ ಅದೇ ಅತ್ತೆಯ ಕೈಯಿಂದ ತುತ್ತು ತಿನ್ನಬೇಕಾಗಿ ಬಂದಿತ್ತು. ಒಮ್ಮೆ ಗಂಗಮ್ಮ ನೀರು ತರಲು ಹೊರಗೆ ಹೋದಾಗ ಸವಿತಾ ನನಗೆ ಹೇಳಿದ್ದು ಇಷ್ಟೇ: "ಸರ್, ನನ್ನ ಕಾಲು ತಡಾ ಆದ್ರೂ ನಡೀತೈತಿ. ಕೈ ಮೊದ್ಲು ಬರ್ಲಿ. ಇವ್ರ ಕೈಲೆ ಉಣ್ಣೂದು ತಪ್ಪಬೇಕು."

ಇನ್ನು ಆಟದ ವಿಷಯ. ನನ್ನ ಕ್ಲಿನಿಕ್ಕಿನಲ್ಲಿ ಒಂದು ಟಿವಿ, ಒಂದು ಗೇಮ್ ಕನ್ಸೋಲ್, ಅದರಲ್ಲಿ ವೃತ್ತಿಪರ ಕುಸ್ತಿಯ ಒಂದು ವಿಡಿಯೋ ಗೇಮ್ ಇತ್ತು. ನಮ್ಮ ಕಡೆಯ ಮಣ್ಣಿನ ಅಖಾಡದ ಕುಸ್ತಿ ಅಲ್ಲ. ನಾಲ್ಕು ಮೂಲೆಗೆ ಕಂಬ, ಸುತ್ತ ಹಗ್ಗ, ಬಣ್ಣದ ದೀಪ, ಸಂಗೀತದೊಂದಿಗೆ ಪ್ರವೇಶ ಮಾಡುವ ಪೈಲ್ವಾನರ ಆ ಟಿವಿ ಕುಸ್ತಿ. ಹಾಸ್ಟೆಲ್ಲಿನಲ್ಲಿ ಓದುವ ಕಾಲದಿಂದ ಅದು ನನ್ನ ಚಟ. ಬೆರಳಿನ ಗಾಯವಾದವರಿಗೆ ರಬ್ಬರ್ ಚೆಂಡು ಹಿಸುಕಿಸುವುದಕ್ಕಿಂತ ಎರಡೂ ಕೈಯಲ್ಲಿ ಹಿಡಿದು ಆಡುವ ಗುಂಡಿಗಳ ಕಂಟ್ರೋಲರ್ ಕೊಟ್ಟರೆ ಬೇಸರವಿಲ್ಲದೆ ಬೆರಳಾಡಿಸುತ್ತಾರೆ ಎಂದು ಕಂಡುಕೊಂಡ ಮೇಲೆ ಅದನ್ನು ಕ್ಲಿನಿಕ್ಕಿಗೇ ತಂದಿಟ್ಟಿದ್ದೆ.

ಓದುಗರಿಗೆ ಆಟದ ನಡೆ ಸ್ವಲ್ಪ ತಿಳಿದಿರಬೇಕು. ಎಡ ಹೆಬ್ಬೆರಳಿನ ಕೆಳಗಿನ ಸಣ್ಣ ಕೋಲಿನಿಂದ ಪೈಲ್ವಾನನನ್ನು ನಡೆಸಬೇಕು. ಬಲ ಹೆಬ್ಬೆರಳಿನ ಗುಂಡಿಗಳಿಂದ ಗುದ್ದು, ಒದೆ. ಎದುರಾಳಿಯನ್ನು ತಬ್ಬಿ ಹಿಡಿಯುವ ಗ್ರ್ಯಾಪಲ್‌ಗೆ ಎರಡೂ ಕೈ ಒಟ್ಟಿಗೆ ಕೆಲಸ ಮಾಡಬೇಕು. ಎದುರಾಳಿ ಎತ್ತಿ ಒಗೆಯುವ ಮುಂಚೆ ಅವನ ಪಟ್ಟನ್ನು ತಿರುಗಿಸುವುದಕ್ಕೆ ರಿವರ್ಸಲ್ ಎನ್ನುತ್ತಾರೆ. ಪರದೆಯ ಮೇಲೆ ಗುರುತು ಮಿಂಚಿದ ಕ್ಷಣದಲ್ಲೇ ತೋರುಬೆರಳಿನಿಂದ ಹಿಂಬದಿಯ ಗುಂಡಿ ಒತ್ತಬೇಕು. ಸ್ವಲ್ಪ ಮುಂಚೆ ಒತ್ತಿದರೂ ತಪ್ಪು, ತಡವಾದರೂ ತಪ್ಪು. ಬಿದ್ದವನ ಭುಜ ನೆಲಕ್ಕೆ ಒತ್ತಿ ಹಿಡಿದರೆ ಪಿನ್. ರೆಫರಿ ಮೂರು ಎಣಿಸುವುದರೊಳಗೆ ಕೆಳಗಿದ್ದವನು ಕಿಕ್ ಔಟ್ ಮಾಡಬೇಕು, ಅಂದರೆ ಕೊಡವಿಕೊಂಡು ಏಳಬೇಕು. ಅದಕ್ಕೆ ಪರದೆಯ ಮೇಲೆ ಅಳತೆಪಟ್ಟಿಯಂಥ ಒಂದು ಪಟ್ಟಿ ಬರುತ್ತದೆ. ಅದರ ಮೇಲೆ ಓಡುವ ಮುಳ್ಳು ಬಣ್ಣದ ಜಾಗಕ್ಕೆ ಬಂದಾಗ ಗುಂಡಿ ಒತ್ತಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿಯೊಬ್ಬ ಪೈಲ್ವಾನನ ಹೆಸರಿನ ಕೆಳಗೂ ದಮ್ಮು ಎಷ್ಟು ಉಳಿದಿದೆ ಎಂದು ತೋರಿಸುವ ಸ್ಟ್ಯಾಮಿನಾ ಪಟ್ಟಿ ಇರುತ್ತದೆ. ಓಡಿದರೆ, ಎತ್ತಿದರೆ, ಪಟ್ಟು ತಿರುಗಿಸಿದರೆ ಅದು ಕರಗುತ್ತದೆ. ಸುಮ್ಮನೆ ನಿಂತರೆ ತುಂಬುತ್ತದೆ. ಖಾಲಿಯಾದರೆ ಪೈಲ್ವಾನ ಮಂಡಿಯ ಮೇಲೆ ಕೈಯೂರಿ ಬಗ್ಗಿ ಏದುಸಿರು ಬಿಡುತ್ತಾನೆ. ಆಗ ಯಾವ ಗುಂಡಿ ಒತ್ತಿದರೂ ಉಪಯೋಗವಿಲ್ಲ.

ಸವಿತಾಗೆ ಮೊದಲು ಅಭ್ಯಾಸದ ಮೋಡ್ ಹಾಕಿಕೊಟ್ಟೆ. ಅಲ್ಲಿ ಎದುರಾಳಿ ಸುಮ್ಮನೆ ನಿಂತಿರುತ್ತಾನೆ. ಕಂಟ್ರೋಲರಿನ ಭಾರ ಕೈಗೆ ಬೀಳದಂತೆ ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲಿಟ್ಟೆ. ಬೆರಳು ಜಾರದಂತೆ ಗುಂಡಿಗಳಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದೆ. ಕೆಲವು ದಿನಗಳ ಮೇಲೆ ಎಕ್ಸಿಬಿಷನ್ ಮೋಡ್, ಅಂದರೆ ಕಂಪ್ಯೂಟರ್ ನಡೆಸುವ ಪೈಲ್ವಾನನ ಜೊತೆ ಒಂದು ಕುಸ್ತಿ. ಸವಿತಾ ತಮ್ಮ ಪೈಲ್ವಾನಳನ್ನು ಆರಂಭದಿಂದಲೇ ಓಡಿಸಿದರು, ಎತ್ತಿ ಒಗೆದರು, ಮತ್ತೆ ಓಡಿಸಿದರು. ಸ್ವಲ್ಪ ಹೊತ್ತಿಗೆ ಆ ಹೆಣ್ಣು ರಿಂಗಿನ ನಡುವೆ ಬಗ್ಗಿ ನಿಂತಿತು. ಎದುರಾಳಿ ನಡೆದು ಬಂದು ಆರಾಮಾಗಿ ಕೆಡವಿ ಪಿನ್ ಮಾಡಿದ. ಇದೇ ಮೂರು ಸಲ ಆಯಿತು. ನಾಲ್ಕನೆಯ ಸಲ ಅವರು ಸ್ಟ್ಯಾಮಿನಾ ಪಟ್ಟಿಯನ್ನೇ ನೋಡುತ್ತ ಆಡಿದರು. ಅರ್ಧ ಕರಗಿದಾಗ ದೂರ ಸರಿದು, ಹಗ್ಗದ ಬಳಿ ನಿಂತು, ತುಂಬಿದ ಮೇಲೆ ಮುಂದೆ ಬಂದರು. ಗೆದ್ದರು. ಪರದೆ ನೋಡುತ್ತಲೇ ಕೇಳಿದರು: "ನನಗೂ ಹಿಂಗ ಪಟ್ಟಿ ಐತೇನ್ರಿ ಸರ್?"

ಐತಿ, ಆದರೆ ಕಾಣುವುದಿಲ್ಲ, ಎಂದೆ. ಕೈ ನಡುಗಲು ಶುರುವಾಗುವುದು, ಬೆರಳ ತುದಿಯಲ್ಲಿ ಉರಿ ಏಳುವುದು, ಮರುದಿನ ಬೆಳಗ್ಗೆ ಮೈ ಭಾರವಾಗುವುದು, ಇವೇ ಆ ಪಟ್ಟಿ ಎಂದು ವಿವರಿಸಿದೆ. ಇದೇ ಮಾತನ್ನು ಒಂದು ತಿಂಗಳಿಂದ ಹೇಳುತ್ತಲೇ ಇದ್ದೆ. ಆ ದಿನ ಅದು ಅವರಿಗೆ ತಲುಪಿತು. ಮನೆಯ ವ್ಯಾಯಾಮ ಹತ್ತಕ್ಕೇ ನಿಂತಿತು. ಕೈಬಲ ಏರಿದ್ದು ಮತ್ತೆ ಇಳಿಯಲಿಲ್ಲ.

ಗಂಗಮ್ಮ ಇದನ್ನೆಲ್ಲ ಗೋಡೆಯ ಬದಿಯ ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದರು. ಇದು ದವಾಖಾನಿಯೋ ಸಿನಿಮಾ ಟಾಕೀಸೋ ಎಂದು ಮೊದಲ ದಿನವೇ ಕೇಳಿದ್ದರು. ಆದರೆ ಸೊಸೆಯ ಪೈಲ್ವಾನಳು ಬಿದ್ದಾಗ ಅವರ ಬಾಯಿಂದ ಸಣ್ಣಗೆ ದನಿ ಹೊರಡುವುದನ್ನು ನಾನು ಗಮನಿಸಿದ್ದೆ. ಕಂಪ್ಯೂಟರ್ ಜೊತೆಗಿನ ಆಟ ಸವಿತಾಗೆ ಸಪ್ಪೆಯಾಗತೊಡಗಿದಾಗ ಎರಡನೆಯ ಕಂಟ್ರೋಲರನ್ನು ಗಂಗಮ್ಮನವರ ಕೈಗೆ ಕೊಟ್ಟೆ. ಅವರು ಒಲ್ಲೆ ಎಂದರು, ನಕ್ಕರು, ಆಮೇಲೆ ಸೆರಗು ಸಿಕ್ಕಿಸಿ ಕುಳಿತರು. ಈ ಆಟದಲ್ಲಿ ನಮ್ಮದೇ ಪೈಲ್ವಾನರನ್ನು ತಯಾರು ಮಾಡುವ ವಿಭಾಗವೊಂದಿದೆ. ಎತ್ತರ, ಮೈಕಟ್ಟು, ಕೂದಲು, ಉಡುಪು ಎಲ್ಲವನ್ನೂ ಆರಿಸಬಹುದು. ಸವಿತಾ ತಾವೇ ಗುಂಡಿ ಒತ್ತಿ ಅತ್ತೆಗಾಗಿ ಒಬ್ಬಳನ್ನು ಮಾಡಿದರು. ಗಿಡ್ಡನೆಯ, ದಪ್ಪ ತೋಳಿನ, ಬಿಳಿ ತುರುಬಿನ, ಹಸಿರು ಉಡುಪಿನ ಹೆಣ್ಣು. ಗಂಗಮ್ಮ ಬಹಳ ಹೊತ್ತು ಅದನ್ನು ನೋಡಿ, "ಮೂಗುತಿ ಹಾಕು" ಎಂದರು. ಹುಡುಕಿದೆವು. ಮೂಗುತಿಯೂ ಸಿಕ್ಕಿತು.

ಮುಂದಿನ ಕೆಲವು ವಾರ ಅತ್ತೆ-ಸೊಸೆ ಕ್ಲಿನಿಕ್ಕಿನಲ್ಲಿ ಒಬ್ಬರನ್ನೊಬ್ಬರು ಎತ್ತಿ ಒಗೆದರು. ಉಳಿದ ರೋಗಿಗಳು ವ್ಯಾಯಾಮ ಬಿಟ್ಟು ನೋಡುತ್ತಿದ್ದರು. ಗಂಗಮ್ಮನವರಿಗೆ ರಿವರ್ಸಲ್ ಬೇಗ ಹಿಡಿತಕ್ಕೆ ಬಂತು. ಭತ್ತದ ಸಸಿ ಊರಿ ಊರಿ ಪಳಗಿದ ಬೆರಳು, ಹೊತ್ತು ನೋಡಿ ಒತ್ತುತ್ತಿದ್ದರು. ಇಬ್ಬರ ನಡುವೆ ಮಾತೂ ಹುಟ್ಟಿತು. ಬಸ್ಸಿನಲ್ಲಿ ತುರ್ವಿಹಾಳಕ್ಕೆ ಮರಳುವಾಗಲೂ ಯಾವ ಪಟ್ಟು ಯಾಕೆ ತಪ್ಪಿತು ಎಂದು ಮಾತಾಡಿಕೊಳ್ಳುತ್ತಿದ್ದರಂತೆ. ಸವಿತಾ ತಮ್ಮ ಕೈಯಿಂದ ತಾವೇ ಉಣ್ಣತೊಡಗಿದರು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟರು. ಪ್ರಕರಣ ದಾರಿಗೆ ಬಂತು ಎಂದುಕೊಂಡೆ.

ಕೆಟ್ಟದ್ದು ಒಂದು ಶನಿವಾರ. ಆ ದಿನ ಸವಿತಾ ಸಾಲಾಗಿ ಗೆಲ್ಲುತ್ತಿದ್ದರು. ಅವರ ಪೈಲ್ವಾನಳು ಹಸಿರು ಉಡುಪಿನವಳನ್ನು ಕೆಡವಿ ಪಿನ್ ಮಾಡಿದಳು. ಪಟ್ಟಿ ಬಂತು, ಮುಳ್ಳು ಬಣ್ಣದ ಜಾಗ ದಾಟಿ ಹೋಯಿತು, ರೆಫರಿ ಮೂರು ಎಣಿಸಿದ. ಸವಿತಾ ಪರದೆಯನ್ನು ನೋಡದೆ ಅತ್ತೆಯ ಕೈಯನ್ನು ನೋಡುತ್ತಿದ್ದರು. ಗಂಗಮ್ಮನವರ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕುಳಿತಿತ್ತು.

"ಒತ್ತಲಿಲ್ಲ ಯಾಕ?" ಎಂದರು ಸವಿತಾ.

ಮರೆತೆ ಎಂದರು ಗಂಗಮ್ಮ.

"ಮರ್ತಿಲ್ರಿ ನೀವು. ಎಂಟು ದಿನದಿಂದ ನೋಡಾಕತ್ತೀನಿ. ನೀವು ಬೇಕಂತ ಸೋಲಾಕತ್ತೀರಿ." ಸವಿತಾ ಕಂಟ್ರೋಲರನ್ನು ದಿಂಬಿನ ಮೇಲಿಂದ ಪಕ್ಕಕ್ಕೆ ಸರಿಸಿದರು. "ಉಣಿಸಿದ್ರಿ, ತೊಳದ್ರಿ, ಸುಮ್ನಿದ್ದೆ. ಇದೊಂದು ನಾನೇ ಗೆದ್ದೀನಿ ಅನ್ಕೊಂಡಿದ್ದೆ."

ಸೋಮವಾರ ಅವರು ಬರಲಿಲ್ಲ. ಬುಧವಾರವೂ ಇಲ್ಲ. ಫೋನ್ ಮಾಡಿದರೆ ಗಂಡ ವಿರೂಪಾಕ್ಷಿ ಎತ್ತಿ, ಹೆಂಡತಿ ಬರಲು ಒಲ್ಲೆ ಎನ್ನುತ್ತಾಳೆ, ತಾಯಿ ಉಣ್ಣುವುದು ಬಿಟ್ಟಿದ್ದಾಳೆ, ನಡುವೆ ತನಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ ಎಂದರು. ಈ ಕಾಯಿಲೆಯಲ್ಲಿ ಬಲ ಏರುವ ತಿಂಗಳುಗಳಲ್ಲಿ ಚಿಕಿತ್ಸೆ ನಿಂತರೆ ಕೀಲುಗಳು ಬಿಗಿಯುತ್ತವೆ, ಪಾದ ಕೆಳಕ್ಕೆ ಜೋತು ಹಾಗೇ ನಿಂತುಬಿಡಬಹುದು. ಶಾಲೆಯಲ್ಲಿ ಅವರ ರಜೆಯೂ ಮುಗಿಯುತ್ತ ಬಂದಿತ್ತು. ಗುರುವಾರ ಮಧ್ಯಾಹ್ನ ಕ್ಲಿನಿಕ್ ಮುಚ್ಚಿ ತುರ್ವಿಹಾಳಕ್ಕೆ ಹೋದೆ.

ಸವಿತಾ ಪಡಸಾಲೆಯ ಮಂಚದ ಮೇಲೆ ಕುಳಿತಿದ್ದರು. ಗಂಗಮ್ಮ ಒಳಬಾಗಿಲ ಹೊಸ್ತಿಲ ಬಳಿ ಅಕ್ಕಿ ಆರಿಸುತ್ತಿದ್ದರು. ಚಹಾ ಬಂತು. ಊರು, ಕಾಲುವೆ ನೀರು, ನಾಟಿಯ ಮಾತಾಯಿತು. ಬಳಿಕ ನಾನು ಗಂಗಮ್ಮನವರನ್ನೇ ನೇರವಾಗಿ ಕೇಳಿದೆ: "ಅಮ್ಮಾರ, ನಿಮಗ ಆಟ ಚಲೋ ಬರ್ತೈತಿ. ಯಾಕ ಸೋತ್ರಿ?"

ಅವರು ಮೊರ ಕೆಳಗಿಟ್ಟರು. ನನಗಲ್ಲ, ಸೊಸೆಗೆ ಹೇಳಿದರು.

"ನೀ ಆ ದೊಡ್ಡ ದವಾಖಾನಿಯಾಗ ಮಷಿನ್ ಹಚ್ಕೊಂಡು ಮಲಗಿದ್ದಿ. ನನ್ನ ಒಳಗ ಬಿಡಲಿಲ್ಲ. ಗಾಜಿನ ಬಾಗಲದಾಗ ನಿಂತು ನೋಡಿದ್ನಿ. ನಿನ್ನ ಕೈ ಮಂಚದ ಕೆಳಗ ಜೋತು ಬಿದ್ದಿತ್ತು, ಎತ್ತಿ ಮ್ಯಾಲೆ ಇಡಾಕ ಯಾರೂ ಇರ್ಲಿಲ್ಲ. ಈಗ ಟೀವ್ಯಾಗ ನಿನ್ನಾಕಿ ಬಿದ್ಲಂದ್ರ ನನಗ ಅದೇ ಕಾಣ್ತೈತಿ. ನಾ ಹ್ಯಾಂಗ ಕೆಡವಲಿ ನಿನ್ನ?"

ಟ್ರ್ಯಾಕ್ ಪ್ಯಾಂಟಿನ ಮಾತು ಬಂದೀತೆಂದು ನಾನು ಕಾದೆ, ಅದು ಬರಲಿಲ್ಲ. ಸವಿತಾ ಹೇಳಿದ್ದು: "ಆ ಕೈ ನನಗ ಗೊತ್ತಿತ್ರಿ ಅತ್ತಿ. ಜೋತು ಬಿದ್ದೈತಿ ಅಂತ ಗೊತ್ತಾಗ್ತಿತ್ತು. ಹೇಳಾಕ ಬಾಯಿ ಇರ್ಲಿಲ್ಲ." ಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಮೊರ ಮತ್ತೆ ಎತ್ತಿಕೊಂಡರು, ಆದರೆ ಅಕ್ಕಿ ಆರಿಸಲಿಲ್ಲ.

ಸಿಂಧನೂರಿಗೆ ಮರಳುವ ದಾರಿಯಲ್ಲಿ ನನಗೆ ಹೊಳೆದದ್ದು ದೊಡ್ಡ ಯುಕ್ತಿಯೇನಲ್ಲ. ಆಟದಲ್ಲಿ ಮೊದಲಿಂದ ಇದ್ದದ್ದೇ. ಟ್ಯಾಗ್ ಟೀಮ್ ಎಂಬ ಮೋಡ್‌ನಲ್ಲಿ ಇಬ್ಬರು ಒಂದು ಕಡೆ, ಕಂಪ್ಯೂಟರಿನ ಇಬ್ಬರು ಇನ್ನೊಂದು ಕಡೆ. ಒಬ್ಬರು ರಿಂಗಿನೊಳಗೆ ಹೋರಾಡುವಾಗ ಜೊತೆಯವರು ಹಗ್ಗದ ಆಚೆ ಮೂಲೆಯಲ್ಲಿ ನಿಲ್ಲಬೇಕು. ಒಳಗಿನವರು ದಣಿದರೆ ಮೂಲೆಗೆ ಬಂದು ಕೈ ಮುಟ್ಟಿಸಿ ಹೊರಗೆ ಹೋಗಬಹುದು. ಹೊರಗಿರುವಾಗ ಸ್ಟ್ಯಾಮಿನಾ ತುಂಬುತ್ತದೆ. ಇನ್ನೊಂದು ನಿಯಮವೂ ಇದೆ. ಒಳಗಿನವರನ್ನು ಎದುರಾಳಿ ಪಿನ್ ಮಾಡಿದರೆ, ಮೂರು ಎಣಿಸುವುದರೊಳಗೆ ಜೊತೆಯವರು ಹಗ್ಗ ದಾಟಿ ಒಳನುಗ್ಗಿ ಬಿಡಿಸಬಹುದು.

ಮರುದಿನ ಅವರು ಬಂದರು. ನಾನು ಮೋಡ್ ಬದಲಿಸಿ, ಈ ನಿಯಮವನ್ನು ಗಂಗಮ್ಮನವರಿಗೆ ಎರಡು ಸಲ ಹೇಳಿದೆ. ಅವರು ಮೂರನೆಯ ಸಲ ತಾವೇ ಕೇಳಿದರು: "ಅಂದ್ರ ಆಕಿ ಬಿದ್ರ ನಾ ಒಳಗ ಹೋಗಬಹುದು? ಯಾರೂ ತಡಿಯಂಗಿಲ್ಲ?"

ಯಾರೂ ತಡೆಯುವುದಿಲ್ಲ ಎಂದೆ.

ಮೊದಲ ಕುಸ್ತಿಗಳನ್ನು ಸೋತರು. ಕಾರಣ ಗಂಗಮ್ಮ ಅಲ್ಲ, ಸವಿತಾ. ಸ್ಟ್ಯಾಮಿನಾ ಕರಗಿದರೂ ಅವರು ಮೂಲೆಯ ಕಡೆ ತಿರುಗುತ್ತಿರಲಿಲ್ಲ. ಹಸಿರು ಉಡುಪಿನವಳು ಹಗ್ಗದ ಮೇಲಿಂದ ಕೈ ಚಾಚಿ ನಿಂತೇ ಇರುತ್ತಿದ್ದಳು. ಮುಂದಿನ ವಾರ ಒಂದು ಕುಸ್ತಿಯಲ್ಲಿ ಸವಿತಾ ಅವರ ಪೈಲ್ವಾನಳನ್ನು ಎದುರಾಳಿ ಕೆಡವಿ ಪಿನ್ ಮಾಡಿದ. ಅವರ ಬೆರಳು ಸೋತು ಕಿಕ್ ಔಟ್ ತಪ್ಪಿತು. ರೆಫರಿ ಎರಡು ಎಣಿಸಿದ್ದ. ಅಷ್ಟರಲ್ಲಿ ಗಂಗಮ್ಮನವರ ಹೆಣ್ಣು ಹಗ್ಗ ದಾಟಿ ಓಡಿ ಬಂದು ಎದುರಾಳಿಯ ಬೆನ್ನಿಗೆ ಜಾಡಿಸಿ ಒದ್ದಿತು. ಎಣಿಕೆ ನಿಂತಿತು. ಸವಿತಾ ನಕ್ಕರು. ಅವರು ಹಾಗೆ ಬಾಯಿ ತೆರೆದು ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. ನಗುತ್ತಲೇ ತಮ್ಮ ಪೈಲ್ವಾನಳನ್ನು ತೆವಳಿಸಿಕೊಂಡು ಮೂಲೆಗೆ ಒಯ್ದು, "ತಗೋರಿ ಅತ್ತಿ, ಈಗ ನೀವು" ಎಂದು ಕೈ ಮುಟ್ಟಿಸಿದರು. ಕಂಟ್ರೋಲರ್ ಕೆಳಗಿಟ್ಟು ಎರಡೂ ಕೈಗಳನ್ನು ದಿಂಬಿನ ಮೇಲೆ ಚಾಚಿ ವಿಶ್ರಾಂತಿ ತೆಗೆದುಕೊಂಡರು. ಹೇಳದೆ ಅವರು ವಿಶ್ರಾಂತಿ ತೆಗೆದುಕೊಂಡದ್ದೂ ಅದೇ ಮೊದಲು.

ಆ ಮೇಲಿನದು ದೀರ್ಘವಾದರೂ ನೇರವಾದ ದಾರಿ. ವಾಕರ್ ಹೋಗಿ ಕೋಲು ಬಂತು. ಬಲ ಪಾದ ಪೂರ್ತಿ ಏಳಲಿಲ್ಲ, ಇಂದಿಗೂ ಏಳುವುದಿಲ್ಲ. ಶೂ ಒಳಗೆ ಪಾದ ಎತ್ತಿ ಹಿಡಿಯುವ ಪಟ್ಟಿ ಹಾಕಿಕೊಂಡೇ ನಡೆಯುತ್ತಾರೆ. ಆಟ ಗುಣಪಡಿಸಿತು ಎಂದು ನಾನು ಹೇಳುವುದಿಲ್ಲ. ನರ ಬೆಳೆದದ್ದು ತನ್ನಷ್ಟಕ್ಕೆ ತಾನು, ಸ್ನಾಯು ಬಲಿತದ್ದು ದಿನವೂ ಮಾಡಿದ ಸಪ್ಪೆ ವ್ಯಾಯಾಮಗಳಿಂದ. ಆಟ ಮಾಡಿದ್ದು ಅವರನ್ನು ತಪ್ಪದೆ ಬರುವಂತೆ ಮಾಡಿದ್ದು, ಮತ್ತು ಎಲ್ಲಿ ನಿಲ್ಲಬೇಕೆಂದು ತೋರಿಸಿದ್ದು. ರಜೆಯನ್ನು ಮುಂದುವರಿಸಿಕೊಂಡಿದ್ದ ಸವಿತಾ ಮರುವರ್ಷ ಶಾಲೆ ಶುರುವಾದಾಗ ಮಸ್ಕಿಗೆ ಹೋಗಿ ಹಾಜರಾದರು. ತಾವು ಓಡಲಾರರು. ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು, ಹಿರಿಯ ಹುಡುಗಿಯೊಬ್ಬಳಿಂದ ಕಬಡ್ಡಿಯ ಪಟ್ಟುಗಳನ್ನು ಮಾಡಿಸಿ ತೋರಿಸುತ್ತಾರೆ. ಒಂದು ಸಲ ಹೋಗಿ ನೋಡಿ ಬಂದೆ. ಹುಡುಗಿಯರಿಗೆ ದಣಿವಾದಾಗ ಕುಳಿತುಕೊಳ್ಳಿರಿ ಎಂದು ಹೇಳುವ ದೈಹಿಕ ಶಿಕ್ಷಕಿಯನ್ನು ನಾನು ಕಂಡದ್ದು ಕಡಿಮೆ.

ಅವರ ಚಿಕಿತ್ಸೆ ಮುಗಿದು ಬಹುಕಾಲದ ಮೇಲೆ ಒಂದು ಬೆಳಗ್ಗೆ ಅತ್ತೆ-ಸೊಸೆ ಮತ್ತೆ ಕ್ಲಿನಿಕ್ಕಿಗೆ ಬಂದರು. ಸವಿತಾಗೆ ಏನೋ ತೊಂದರೆಯಾಗಿರಬೇಕು ಎಂದು ಅವರ ಪಾದ ನೋಡಲು ಬಗ್ಗಿದೆ. ಅವರು ತಡೆದರು.

"ಇವತ್ತು ಪೇಶೆಂಟ್ ನಾ ಅಲ್ರಿ ಸರ್. ಇವ್ರು."

ಗಂಗಮ್ಮನವರ ಎರಡೂ ಮಂಡಿ ಬಾತಿದ್ದವು. ಸೀರೆಯ ನಿರಿಗೆ ಸ್ವಲ್ಪ ಎತ್ತಲೂ ನಾಚಿ ಸೊಸೆಯ ಕಡೆ ನೋಡಿದರು, ಸೊಸೆಯೇ ಎತ್ತಿ ತೋರಿಸಿದರು. ಯಾವಾಗಿನಿಂದ ಎಂದು ಕೇಳಿದೆ. ಗಂಗಮ್ಮ ಈಗೀಗ ಎಂದರು. ಸವಿತಾ ಅವರ ಮುಖ ನೋಡುತ್ತ, "ಖರೇ ಹೇಳ್ರಿ" ಎಂದರು. ಆಗ ಹೊರಬಂತು. ಸೊಸೆಯನ್ನು ಮಂಚದಿಂದ ಎತ್ತಿ ಇಳಿಸುತ್ತಿದ್ದ ದಿನಗಳಿಂದಲೂ ನೋವಿತ್ತು. ಬಸ್ಸಿನ ಮೆಟ್ಟಿಲು ಏರುವಾಗ ಜೀವ ಹೋಗುತ್ತಿತ್ತು. ಹೇಳಿದ್ದರೆ ಸವಿತಾ ಕ್ಲಿನಿಕ್ಕಿಗೆ ಬರುವುದನ್ನೇ ಬಿಟ್ಟುಬಿಡುತ್ತಿದ್ದಳೆಂದು ಹೇಳಿರಲಿಲ್ಲ, ಅಷ್ಟೆ.

ಗಂಗಮ್ಮನವರನ್ನು ಮಂಚದ ಮೇಲೆ ಮಲಗಿಸಿ ತೊಡೆಯ ಸ್ನಾಯು ಬಿಗಿಸುವ ಮೊದಲ ವ್ಯಾಯಾಮ ಹೇಳಿಕೊಟ್ಟೆ. ಎಣಿಸುವ ಕೆಲಸವನ್ನು ಸವಿತಾ ತಾವೇ ತೆಗೆದುಕೊಂಡರು. ಹತ್ತು ಆದ ಮೇಲೂ ಗಂಗಮ್ಮ ಇನ್ನೊಂದು ಮಾಡಲು ಹೋದರು. ಸವಿತಾ ಅವರ ಮಂಡಿಯ ಮೇಲೆ ಅಂಗೈ ಇಟ್ಟು, "ಸಾಕ್ರಿ" ಎಂದರು. ಗಂಗಮ್ಮ ಮಾತು ಕೇಳಿದರು.

ಯಾರಿಗೆ ಕಾಯಿಲೆ ಎಂದು ಬರೆದಿರುತ್ತದೋ ಅವರ ಮೈಯನ್ನು ಅಳೆಯುವುದು ನಮಗೆ ಕಾಲೇಜಿನಲ್ಲಿ ಕಲಿಸುವ ವಿದ್ಯೆ. ಅವರನ್ನು ಹೊತ್ತು ತಂದವರ ಮೈಯಲ್ಲಿ ಏನಾಗುತ್ತಿದೆ, ಅವರು ಯಾವುದಕ್ಕೆ ಹೆದರಿದ್ದಾರೆ ಎಂದು ಕೇಳುವುದನ್ನು ಈ ಇಬ್ಬರು ಕಲಿಸಿದರು. ಈಗ ನನ್ನ ಬಳಿ ಬರುವ ಪ್ರತಿ ರೋಗಿಯ ಜೊತೆಗಿರುವವರನ್ನೂ ಮೊದಲ ದಿನವೇ ಹತ್ತಿರ ಕರೆದು ಕೂರಿಸಿಕೊಳ್ಳುತ್ತೇನೆ. ಹೆಚ್ಚಿನವರು ತಮಗೇನೂ ಇಲ್ಲ ಎನ್ನುತ್ತಾರೆ. ನಾನು ಇನ್ನೊಮ್ಮೆ ಕೇಳುತ್ತೇನೆ.